ಕಾಶ್ಮೀರ ಬಿಟ್ಟು ಗೋವಾಕ್ಕೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಶ್ರೀನಗರದ ಟಿಕೆಟ್ ಕ್ಯಾನ್ಸಲ್ ಮಾಡಿ, ಮನೆಯವರನ್ನೆಲ್ಲ ಕೂರಿಸಿಕೊಂಡು ರಾತ್ರಿ ಕಾರಿನಲ್ಲೇ ಗೋವಾಕ್ಕೆ ಹೊರಡುತ್ತೀಯಂತೆ. 'ಅಲ್ಲಾದ್ರೆ ಭಯ ಇಲ್ಲ' ಅಂತ ಬರೆದಿದ್ದೀಯ. ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದ ಮೇಲೆ ಅಮ್ಮ ಕಾಶ್ಮೀರ ಬೇಡ ಅಂದದ್ದು ಸಹಜ. ಹೋಗು ಅಂತ ನಾನೂ ಒತ್ತಾಯ ಮಾಡಲಾರೆ. ಆದರೆ ಆ 'ಭಯ ಇಲ್ಲ' ಅನ್ನುವ ಮಾತಿನ ಮೇಲೆ ಮಾತ್ರ ನನಗೆ ಜಗಳ ಇದೆ.

2024 ನೆನಪು ಮಾಡಿಕೋ. ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಹಲವರಿಗೆ ಗಾಯವಾಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆದರೂ ಸಿಸಿಟಿವಿಯಲ್ಲಿ ಕಂಡ ಶಂಕಿತನ ಆ ಟೋಪಿ, ಆ ಬ್ಯಾಗು ಈಗಲೂ ಕಣ್ಣ ಮುಂದಿದೆ, ಅಲ್ವಾ? ಅದೇ ವರ್ಷ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಹತ್ತಿರ, ರಸ್ತೆ ಬದಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿತು. 13 ಜನ ಸತ್ತರು. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ವಾಪಸಾಗುತ್ತಿದ್ದವರು. ಅದು ನೀನು ಹೋಗುವ ಹೆದ್ದಾರಿಯೇ ಮಾರಾಯ. ಆ ಸುದ್ದಿ ಎಷ್ಟು ದಿನ ಓಡಿತು ಹೇಳು?

ಬಾಂಬಿಗೆ ಹೆದರಿ ರಸ್ತೆಗೆ ಹೆದರದಿರುವುದನ್ನು ದಡ್ಡತನ ಅಂತ ನಾನು ಹೇಳುತ್ತಿಲ್ಲ. ಸ್ಟೀರಿಂಗ್ ನಮ್ಮ ಕೈಯಲ್ಲಿರುತ್ತದೆ. 'ನಾನು ಹುಷಾರಾಗಿ ಓಡಿಸ್ತೀನಿ' ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಬಾಂಬಿನ ಮುಂದೆ ನಮ್ಮ ಯಾವ ಹುಷಾರೂ ನಡೆಯುವುದಿಲ್ಲ. ನಮ್ಮ ಹಿಡಿತಕ್ಕೆ ಸಿಗದ, ಒಂದೇ ಏಟಿಗೆ ಹಲವರನ್ನು ಕೊಲ್ಲುವ ಅಪಾಯಕ್ಕೆ ಜನ ಜಾಸ್ತಿ ಹೆದರುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1980ರ ದಶಕದಲ್ಲೇ ತೋರಿಸಿದ್ದರು. ಮೇಲಾಗಿ ಅಲ್ಲೊಬ್ಬ ಕೊಲ್ಲಲೆಂದೇ ಬಂದಿರುತ್ತಾನೆ. ಲಾರಿ ಡ್ರೈವರ್‌ಗೆ ನಿನ್ನ ಮೇಲೆ ಯಾವ ದ್ವೇಷವೂ ಇಲ್ಲ, ನಿದ್ದೆ ಬಂದಿರುತ್ತದೆ ಅಷ್ಟೇ.

2001ರ ಸೆಪ್ಟೆಂಬರ್‌ನಲ್ಲಿ ಉಗ್ರರು ನಾಲ್ಕು ವಿಮಾನ ಅಪಹರಿಸಿ ನಡೆಸಿದ ದಾಳಿಯ ನಂತರ ಅಮೆರಿಕದಲ್ಲಿ ಎಷ್ಟೋ ಜನ ನಿನ್ನ ಹಾಗೇ ಮಾಡಿದರು. ವಿಮಾನ ಬಿಟ್ಟು ಕಾರು ಹತ್ತಿದರು. ಮುಂದಿನ ಒಂದು ವರ್ಷದಲ್ಲಿ ಇದರಿಂದಾಗಿಯೇ ಸುಮಾರು 1,500 ಜನ ಹೆಚ್ಚಾಗಿ ರಸ್ತೆಯಲ್ಲಿ ಸತ್ತರು ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದ್ದಾರೆ. ಆ ನಾಲ್ಕು ವಿಮಾನಗಳಲ್ಲಿ ಸತ್ತ ಪ್ರಯಾಣಿಕರು ಮತ್ತು ಸಿಬ್ಬಂದಿಯ ಆರು ಪಟ್ಟು! ದಾಳಿ ಮಾಡಿದವರಿಗೂ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ.

ಹೆಣ ಎಣಿಸಿ ಭಯೋತ್ಪಾದನೆಯನ್ನು ಅಳೆಯಬಾರದು, ಒಪ್ಪುತ್ತೇನೆ. ಸುಮ್ನೆ ಬಿಟ್ಟರೆ ಅದು ಬೆಳೆಯುತ್ತದೆ. ಪಕ್ಕದ ಮನೆಯವನನ್ನೂ ಅನುಮಾನದಿಂದ ನೋಡುವ ಹಾಗೆ ಮಾಡುತ್ತದೆ. ನನ್ನ ಸಿಟ್ಟು ಬೇರೆ ಕಡೆಗಿದೆ. 2008ರಲ್ಲಿ ಮುಂಬೈ ದಾಳಿಯಲ್ಲಿ 166 ಜನ ಸತ್ತಾಗ ಗೃಹ ಮಂತ್ರಿ ಶಿವರಾಜ ಪಾಟೀಲ ರಾಜೀನಾಮೆ ಕೊಟ್ಟರು. ಭಯೋತ್ಪಾದನೆಯ ತನಿಖೆಗೆಂದೇ ಎನ್‌ಐಎ ಹುಟ್ಟಿತು. ಆಗಬೇಕಾದದ್ದೇ. ಆದರೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ. ಅಂದರೆ ಒಂಬತ್ತು ಗಂಟೆ ಕಳೆಯುವುದರೊಳಗೆ 166 ದಾಟುತ್ತದೆ. ಇದಕ್ಕೆ ಯಾರಾದರೂ ರಾಜೀನಾಮೆ ಕೊಟ್ಟದ್ದು ಕೇಳಿದ್ದೀಯಾ? ಲೈಟು ಹಾಕದೆ ಹೆದ್ದಾರಿ ಬದಿ ಲಾರಿ ನಿಲ್ಲಿಸುವುದನ್ನು ತಡೆಯಲು ಕಮಾಂಡೊಗಳೇನೂ ಬೇಕಾಗಿಲ್ಲ. ನಾವು ಹೆದರುವುದಿಲ್ಲ, ಹಾಗಾಗಿ ಕೇಳುವುದೂ ಇಲ್ಲ. ನಾವು ಕೇಳದಿದ್ದರೆ ಸರ್ಕಾರದವರು ತಾವಾಗಿ ಯಾಕೆ ಮಾಡುತ್ತಾರೆ?

ಸರಿ, ಗೋವಾಕ್ಕೇ ಹೋಗು. ಆದರೆ ರಾತ್ರಿ ಬೇಡ, ಬೆಳಿಗ್ಗೆ ಐದಕ್ಕೆ ಹೊರಡು. ಬೆಲ್ಟಿನ ಬೀಪ್ ಸದ್ದು ನಿಲ್ಲಿಸಲು ಸಿಕ್ಕಿಸಿದ್ದೀಯಲ್ಲ, ಆ ಕ್ಲಿಪ್ ಎಸೆ. ಹಿಂದೆ ಕೂತವರೂ ಬೆಲ್ಟ್ ಹಾಕಲಿ. ಅದೇ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16 ಸಾವಿರಕ್ಕೂ ಹೆಚ್ಚು, ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಗಾಡಿ ಓಡಿಸುತ್ತಿದ್ದವರಲ್ಲ. ಅಮ್ಮ 'ಸೀರೆ ಸುಕ್ಕಾಗುತ್ತೆ' ಅಂದರೂ ಬಿಡಬೇಡ. ಊಟಕ್ಕೆ ಹುಬ್ಬಳ್ಳಿಯಲ್ಲಿ ನಿಲ್ಲಿಸಿದಾಗ ಒಂದು ಫೋನ್ ಹಾಕು. ಗಾಡಿ ಓಡಿಸುತ್ತಾ ಅಲ್ಲ, ನಿಲ್ಲಿಸಿದ ಮೇಲೆ.

ನಿನ್ನವ