ಕಾವಲಿ ಮುಂದೆ ನಿಂತವಳಿಗೆ

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ ಸೋದರತ್ತೆಯ ಆಶೀರ್ವಾದಗಳು.

ಕ್ಷೇಮ ಸಮಾಚಾರ ಎಲ್ಲ ಭಾನುವಾರ ಫೋನಿನಲ್ಲೇ ಆಗಿದೆ. ನಿನ್ನ ಅತ್ತೆಯವರ ಮಂಡಿ ಆಪರೇಷನ್, ದೀಪಾವಳಿಗೆ ಯಾರು ಯಾರು ಬರುತ್ತಾರೆ, ಯಾರು ಯಾವ ರೂಮಿನಲ್ಲಿ ಮಲಗುತ್ತಾರೆ, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲು ಇದೆಯಲ್ಲ, ಅದು ತಲೆಯಿಂದ ಹೋಗುತ್ತಿಲ್ಲ. "ಈ ಕಾವಲಿ ಮುಂದೆ ಒಮ್ಮೆ ನಿಂತರೆ ಆಮೇಲೆ ಯಾರೂ ನನ್ನನ್ನು ಅಲ್ಲಿಂದ ಕರೆಯುವುದೇ ಇಲ್ಲವೇನೋ ಅಂತ ಹೆದರಿಕೆ ಆಗುತ್ತದೆ ಅತ್ತೆ" ಅಂತ. ಫೋನಿನಲ್ಲಿ ನೀನು ಅದನ್ನು ಎತ್ತಲಿಲ್ಲ. ಎತ್ತುವ ಹಾಗೂ ಇಲ್ಲ, ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅದಕ್ಕೇ ನಾನೂ ಕಾಗದ ಹಿಡಿದೆ.

ಮೊದಲು ಓದಿದಾಗ ನಗು ಬಂತು. ನಿನ್ನ ಅತ್ತೆಯವರ ಬದಲು ಹಬ್ಬದ ದೋಸೆ ಹೊಯ್ಯುವುದಕ್ಕೆ ಇಷ್ಟೊಂದು ಯೋಚನೆಯಾ ಅಂತ. ಸಂಜೆ ಕೊಟ್ಟಿಗೆಗೆ ಹೋದಾಗ ಮತ್ತೆ ನೆನಪಾಯಿತು, ಆಗ ನಗು ಬರಲಿಲ್ಲ. "ಹಾಗೇನೂ ಆಗುವುದಿಲ್ಲ ಮಾರಾಯ್ತಿ" ಅಂತ ಬರೆದುಬಿಡಬಹುದು. ಆದರೆ ಹಾಗೆ ಆಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಅತ್ತೆಯವರು ತಿಂಡಿ ತಿನ್ನುತ್ತಿದ್ದದ್ದು ಹನ್ನೊಂದು ಗಂಟೆಗೆ. ಒಲೆ ಪಕ್ಕದಲ್ಲೇ, ಮಣೆ ಮೇಲೆ. ಕೊನೆಯ ಎರಡು ದೋಸೆ, ಪಾತ್ರೆಯ ತಳದ ಹಿಟ್ಟನ್ನು ಕೈಯಲ್ಲಿ ಬಳಿದು ಹೊಯ್ದದ್ದು. ಅಷ್ಟು ಹೊತ್ತಿಗೆ ಚಟ್ನಿ ಮುಗಿದಿರುತ್ತಿತ್ತು. ಮಜ್ಜಿಗೆಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ಅವರು ಒಂದು ದಿನವೂ ಬೇಜಾರು ಹೇಳಿಕೊಂಡದ್ದು ನಾನು ಕೇಳಿಲ್ಲ. ಕೇಳಿಲ್ಲ ಅಂದರೆ ಇರಲಿಲ್ಲ ಅಂತಲ್ಲ ಅಲ್ವಾ? ನಾನೂ ವಿಚಾರಿಸಲಿಲ್ಲ. ಆಗ ನಾನು ಹೊಸ ಸೊಸೆ, ಜಗಲಿಗೆ ತಟ್ಟೆ ಸಾಗಿಸುವ ಕೆಲಸ ನನ್ನದು. ಬಿಸಿ ದೋಸೆ ಸಿಗುತ್ತಿತ್ತು, ತಿನ್ನುತ್ತಿದ್ದೆ.

ಒಂದು ವ್ಯತ್ಯಾಸ ಮಾತ್ರ ಹೇಳಬೇಕು. ಆಗಿನ ಹಬ್ಬದ ದೋಸೆಗೆ ಒಂದು ಲಯ ಇತ್ತು. ನರಕ ಚತುರ್ದಶಿ ದಿನ ಬಚ್ಚಲಿನಲ್ಲಿ ಇದ್ದದ್ದು ಒಂದೇ ಹಂಡೆ. ಒಬ್ಬರಿಗೆ ಎಣ್ಣೆ ತಿಕ್ಕಿ, ನೀರು ಹೊಯ್ದು ಕಳಿಸುವಷ್ಟರಲ್ಲಿ ಇನ್ನೊಬ್ಬರು ಎಣ್ಣೆ ಹಚ್ಚಿಕೊಂಡು ಕಾಯುತ್ತಿರುತ್ತಿದ್ದರು. ಹಾಗಾಗಿ ಒಳಗೆ ಬರುವವರೂ ಒಬ್ಬೊಬ್ಬರೇ. ಒದ್ದೆ ತಲೆ, ಕೆಂಪು ಕಣ್ಣು, ಹೊಟ್ಟೆ ತುಂಬ ಹಸಿವು. ಒಬ್ಬರು ಮೂರು ದೋಸೆ ಮುಗಿಸುವಾಗ ಮುಂದಿನವರು ಬಂದು ಕೂರುತ್ತಿದ್ದರು. ಹಂಡೆಯೂ ಒಂದು, ಕಾವಲಿಯೂ ಒಂದು, ಎರಡರ ಓಟ ಸರಿಹೋಗುತ್ತಿತ್ತು. ಈಗ ನಿಮ್ಮನೆಯಲ್ಲಿ ಮೂರು ಬಚ್ಚಲು, ಮೂರಕ್ಕೂ ಗೀಸರ್. ಎಂಟೂವರೆಗೆ ಎಲ್ಲರೂ ಒಟ್ಟಿಗೆ ಮೇಜಿಗೆ ಬರುತ್ತಾರೆ. ಕಾವಲಿ ಮಾತ್ರ ಒಂದೇ. ಲೆಕ್ಕ ಹಾಕಿ ನೋಡು: 14 ಜನ, ತಲೆಗೆ ಮೂರು ಅಂದರೂ 42 ದೋಸೆ. ಒಂದಕ್ಕೆ ಎರಡು ನಿಮಿಷ ಹಿಡಿದರೆ 84 ನಿಮಿಷ. ನಿನ್ನ ಕೈ ಎಷ್ಟು ಚುರುಕಾದರೂ ಈ ಲೆಕ್ಕ ಬದಲಾಗುವುದಿಲ್ಲ. ಆದ್ದರಿಂದ ನಿನ್ನ ಹೆದರಿಕೆ ಬರೀ ಮನಸ್ಸಿನದ್ದಲ್ಲ, ಅರ್ಧ ಒಲೆಯದ್ದು.

ಹೋಟೆಲಿನವರಿಗೆ ಈ ಕಷ್ಟ ಇಲ್ಲ ನೋಡು. ನಿನ್ನ ಅಪ್ಪ ಒಮ್ಮೆ ನನ್ನನ್ನು ಬೆಂಗಳೂರಿನ ಗಾಂಧಿಬಜಾರಿಗೆ, ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋಗಿದ್ದ. 1943ರಲ್ಲಿ ಶುರುವಾದದ್ದು. ಅಲ್ಲಿ ಮಾಣಿಗಳು ತೋಳಿನ ಮೇಲೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡಲಿಕ್ಕೇ ಜನ ಬರುತ್ತಾರೆ. ಅಂಥ ಹೋಟೆಲುಗಳ ಕಾವಲಿ ಒಂದು ಮಂಚದಷ್ಟು ಇರುತ್ತದೆ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಒಂದೇ ಸಲಕ್ಕೆ ಹತ್ತು ಹನ್ನೆರಡು ದೋಸೆ ಹೊಯ್ಯುತ್ತಾರೆ. ಅದಕ್ಕೇ ಒಂದು ಮೇಜಿನವರೆಲ್ಲ ಒಟ್ಟಿಗೆ ತಿನ್ನಬಹುದು. ಮತ್ತೆ ಹೋಟೆಲಿನ ಭಟ್ಟರಿಗೆ ಪಾಳಿ ಇರುತ್ತದೆ. ಒಬ್ಬರು ಕೈ ತೊಳೆದರೆ ಇನ್ನೊಬ್ಬರು ಸೌಟು ಹಿಡಿಯುತ್ತಾರೆ. ಮನೆಯಲ್ಲಿ ಪಾಳಿ ಅನ್ನುವ ಮಾತನ್ನೇ ಯಾರೂ ಆಡುವುದಿಲ್ಲ.

ಯಾರೂ ಕರೆಯುವುದಿಲ್ಲವೇನೋ ಅಂದೆಯಲ್ಲ. ನಿನ್ನ ಅಪ್ಪ ನಿನ್ನ ಅಮ್ಮನ ವಿಷಯ ಮೊದಲು ಬಾಯಿಬಿಟ್ಟದ್ದು ನಮ್ಮ ಮನೆಯ ಜಗಲಿಯಲ್ಲಿ, ದೋಸೆ ತಿನ್ನುತ್ತಾ. ನನ್ನನ್ನು ಹಬ್ಬಕ್ಕೆ ಕರೆಯಲಿಕ್ಕೆ ಬಂದಿದ್ದ. ಅಷ್ಟರಲ್ಲಿ ಸೌಟು ನನ್ನ ಕೈಗೆ ಬಂದಾಗಿತ್ತು. ಹೊರಗೆ ಎಲ್ಲರೂ ಜೋರಾಗಿ ನಕ್ಕರು. "ಏನಂತೋ?" ಅಂತ ತಟ್ಟೆ ತಂದ ಹುಡುಗನನ್ನು ಕೇಳಿದೆ. "ಏನಿಲ್ಲ, ಇನ್ನೆರಡು ದೋಸೆಯಂತೆ" ಅಂದ. ನನಗೆ ಸುದ್ದಿ ಸಿಕ್ಕಿದ್ದು ಮಧ್ಯಾಹ್ನ, ಊಟ ಬಡಿಸುವಾಗ. ಅಡಿಕೆ ಸುಲಿಯಲು ಬಂದವರಿಗೂ ನನಗಿಂತ ಮೊದಲೇ ಗೊತ್ತಿತ್ತು. ಈಗಲೂ ನಿನ್ನ ಅಪ್ಪ ಆ ಕತೆ ಹೇಳುವಾಗ "ಅಕ್ಕನಿಗೇ ಮೊದಲು ಹೇಳಿದ್ದು" ಅನ್ನುತ್ತಾನೆ. ನಾನು ಅಲ್ಲಿ ಇದ್ದೆ ಅಂತಲೇ ಅವನ ಲೆಕ್ಕ. ಇದನ್ನು ಅವನಿಗೆ ಹೇಳಬೇಡ, ಸುಮ್ನೆ ನೊಂದುಕೊಳ್ಳುತ್ತಾನೆ.

ಆದರೆ ಪುಟ್ಟಿ, ಎಲ್ಲವನ್ನೂ ಜಗಲಿಯವರ ಮೇಲೆ ಹಾಕಿಬಿಟ್ಟರೆ ತಪ್ಪಾಗುತ್ತದೆ. ಆ ಜಾಗ ನನಗೆ ಇಷ್ಟವೂ ಆಗಿತ್ತು. ಕಾವಲಿಯ ಹದ ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದಾಗ ಬರುವ ವಾಸನೆಯಲ್ಲೇ ಬಿಸಿ ಜಾಸ್ತಿಯೋ ಕಡಿಮೆಯೋ ಅಂತ ಹೇಳುತ್ತಿದ್ದೆ. ಹಿಟ್ಟು ಬಿದ್ದಾಗ ಚುಂಯ್ ಅನ್ನಬೇಕು, ಆದರೆ ಸೌಟಿಗೆ ಸುತ್ತಿಕೊಳ್ಳಬಾರದು. ಅಂಚು ಕೆಂಪಾಗಿ ತಾನಾಗಿಯೇ ಬಿಟ್ಟುಕೊಳ್ಳುತ್ತದಲ್ಲ, ಅದಕ್ಕೆ ಮೊದಲು ಸಟ್ಟುಗ ಹಾಕಬಾರದು. ನಾದಿನಿ ಬಂದು "ಅತ್ತಿಗೆ, ಕೊಡಿ ಇತ್ಲಾಗೆ, ನಾನು ಹೊಯ್ಯುತ್ತೇನೆ" ಅಂದರೆ "ಕಾವಲಿ ಕೆಡುತ್ತದೆ, ನೀನು ಚಟ್ನಿ ನೋಡು" ಅನ್ನುತ್ತಿದ್ದೆ. ಎಷ್ಟು ಸಲ ಅಂದಿದ್ದೇನೋ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಯಾರೂ ಕರೆಯಲಿಲ್ಲ ಅಂತ ನಾನು ಹೇಳಿಕೊಳ್ಳುವಾಗ ಇದನ್ನೂ ಸೇರಿಸಿ ಹೇಳಬೇಕು. ಅವಳು ಈಗ ಇಲ್ಲ. ಅವಳ ಕೈ ದೋಸೆ ಹೇಗಿರುತ್ತಿತ್ತು ಅಂತ ನನಗೆ ಗೊತ್ತೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಯಾರಾದರೂ ಸೌಟು ಕೇಳಿದರೆ ಕೊಡು. ಕೇಳದಿದ್ದರೂ ಕೊಡು. ನಿನ್ನ ಗಂಡನಿಗೇ ಕೊಡು. ಮೊದಲ ಏಳು ಜನರಿಗೆ ನೀನು ಹೊಯ್ದು, ಎರಡನೇ ಪಂಕ್ತಿಯವರ ಜೊತೆ ಕೂತುಬಿಡು. ಅವನ ದೋಸೆ ದಪ್ಪ ಆಗುತ್ತದೆ, ಮಗುಚುವಾಗ ಹರಿಯುತ್ತದೆ. ತಿನ್ನುತ್ತಾರೆ, ಯಾರೂ ಎಲೆ ಬಿಟ್ಟು ಏಳುವುದಿಲ್ಲ. ನೀನು ಸರಿಮಾಡಲು ಎದ್ದು ಹೋಗಬಾರದು ಅಷ್ಟೇ. ಕೂತಲ್ಲೇ ಕೂತಿರುವುದು, ಅದೇ ಕಷ್ಟದ್ದು. ಇಷ್ಟೆಲ್ಲ ಹೇಳಲು ನಾನ್ಯಾರು ಅಂತಲೂ ಅನ್ನಿಸುತ್ತದೆ. ನಿಮ್ಮ ಮನೆಯ ರೀತಿ ನಿನಗೇ ಗೊತ್ತು.

ನಿನ್ನ ಅತ್ತೆಯವರನ್ನು ಮರೆಯಬೇಡ. ಅವರು ಕಾವಲಿ ಬಿಟ್ಟದ್ದು ಮನಸ್ಸಿನಿಂದ ಅಲ್ಲ, ಮಂಡಿಯಿಂದ. ನಿನಗೆ ಅಲ್ಲಿಂದ ಯಾರೂ ಕರೆಯುವುದಿಲ್ಲ ಅನ್ನುವ ಹೆದರಿಕೆ ಇದ್ದರೆ, ಅವರಿಗೆ ಇನ್ನು ಅಲ್ಲಿಗೆ ಯಾರೂ ಕರೆಯುವುದಿಲ್ಲ ಅಂತ ಇರಬಹುದು. ಒಲೆ ಹತ್ತಿರ ಕುರ್ಚಿ ಹಾಕಿ ಕೂರಿಸು. ಈರುಳ್ಳಿ ಉಜ್ಜುವ ಕೆಲಸ ಕೊಡು. ನಿನ್ನ ದೋಸೆಗೆ ಹೆಸರು ಇಡುತ್ತಾರೆ, ಇಡಲಿ.

ಕಾವಲಿ ವಿಷಯ ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಬೀಡು, ಅಂದರೆ ಎರಕದ ಕಬ್ಬಿಣ, ಎಮ್ಮೆ ಇದ್ದ ಹಾಗೆ. ಏಳು ಅಂದ ತಕ್ಷಣ ಏಳುವುದಿಲ್ಲ, ಹೊರಟ ಮೇಲೆ ನಿಲ್ಲು ಅಂದರೂ ನಿಲ್ಲುವುದಿಲ್ಲ. ಜನ ಕೂರುವ ಹತ್ತು ನಿಮಿಷ ಮೊದಲೇ ಸಣ್ಣ ಉರಿಯಲ್ಲಿ ಇಡು. ಏಳೆಂಟು ದೋಸೆ ಆಗುವ ಹೊತ್ತಿಗೆ ವಿಪರೀತ ಕಾದಿರುತ್ತದೆ. ಉರಿ ಇಳಿಸಿದರೆ ಅದಕ್ಕೆ ಗೊತ್ತಾಗುವುದು ಎರಡು ದೋಸೆ ಆದ ಮೇಲೆ. ಹಾಗಾಗಿ ಹಿಟ್ಟು ಸೌಟಿಗೆ ಅಂಟಿ ಬರಲು ಶುರುವಾಗುವ ಮೊದಲೇ ಇಳಿಸು. ಕೈಯಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ಬಟ್ಟೆಯಲ್ಲಿ ಒರೆಸು. ತಂಬಿಗೆಯಲ್ಲಿ ನೀರು ಸುರಿಯಬೇಡ, ಕಾದ ಬೀಡು ಬಿರುಕು ಬಿಡುತ್ತದೆ. ಚಪಾತಿಯನ್ನು ಅದರ ಮೇಲೆ ಮಾಡಬೇಡ. ಪಾತ್ರೆ ತೊಳೆಯುವವರ ಕೈಗೆ ಅದನ್ನೂ ಸ್ಟೀಲ್ ನಾರನ್ನೂ ಒಟ್ಟಿಗೆ ಕೊಡಬೇಡ. ಆ ಕಪ್ಪು ಮಸಿಯಲ್ಲ, ಎಣ್ಣೆಯೇ ಕಾದು ಕಾದು ಪದರ ಕಟ್ಟಿರುವುದು. ದೋಸೆ ಎದ್ದು ಬರುವುದು ಅದರಿಂದ.

ಹಿಟ್ಟಿಗೆ ಒಂದೂಕಾಲು ಕಿಲೋ ಅಕ್ಕಿ ನೆನೆಸು, ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ ಉದ್ದು, ಎರಡು ಚಮಚ ಮೆಂತ್ಯ. ಆ ಹೊತ್ತಿಗೆ ಮೈಸೂರಲ್ಲೂ ರಾತ್ರಿ ತಣ್ಣಗಿರುತ್ತದೆ. ಸಂಜೆ ಆರಕ್ಕೇ ರುಬ್ಬಿಬಿಡು, ಬೆಳಗಿನವರೆಗೆ ಉಬ್ಬಲಿ. ಮಕ್ಕಳಿಗೆ ಒಂದು ಪಾತ್ರೆ ಇಡ್ಲಿ ಬೇಯಿಸಿಟ್ಟರೂ ನಡೆಯುತ್ತದೆ, ನಿನ್ನ 42ರಲ್ಲಿ ಹತ್ತು ಕಳೆಯುತ್ತದೆ. ಜೋನಿಬೆಲ್ಲ ಕಳಿಸುತ್ತೇನೆ.

ಇನ್ನೊಂದು ವಿಷಯ. ನಮ್ಮ ಅಟ್ಟದ ಮೇಲೆ ಇನ್ನೊಂದು ಬೀಡಿನ ಕಾವಲಿ ಇತ್ತು, ತುಕ್ಕು ಹಿಡಿದು ಬಿದ್ದಿತ್ತು. ನಿನ್ನ ಕಾಗದ ಬಂದ ಮೇಲೆ ಇಳಿಸಿದೆ. ಹುಣಸೆಹಣ್ಣು ಹಾಕಿ ಉಜ್ಜಿ, ಗಂಜಿತಿಳಿಯಲ್ಲಿ ನೆನೆಸಿಟ್ಟು, ಈಗ ದಿನಾ ಒಂದು ಚೂರು ಎಣ್ಣೆ ಸವರಿ ಕಾಯಿಸುತ್ತಿದ್ದೇನೆ. ಎಣ್ಣೆ ಜಾಸ್ತಿಯಾದರೆ ಅಂಟಂಟಾಗಿ ನಿಲ್ಲುತ್ತದೆ, ಒರೆಸಿ ತೆಗೆದ ಹಾಗೆ ಇರಬೇಕು. ನಿನ್ನೆಯಿಂದ ಕಪ್ಪು ತಿರುಗಿದೆ. ಇಬ್ಬರು ಅಕ್ಕಪಕ್ಕ ನಿಂತು ಹೊಯ್ದರೆ ಮುಕ್ಕಾಲು ಗಂಟೆಯ ಕೆಲಸ. ಆದರೆ ಇದು ಹನ್ನೆರಡು ಇಂಚು ಇದೆ. ನಿನ್ನ ಒಲೆಯ ಎರಡು ಬರ್ನರ್ ನಡುವೆ ಎಷ್ಟು ಅಂತರ ಇದೆ, ನಿನ್ನ ಅತ್ತೆಯವರ ಕಾವಲಿ ಎಷ್ಟು ಅಗಲ ಇದೆ, ಎರಡನ್ನೂ ಟೇಪಿನಲ್ಲಿ ಅಳೆದು ತಿಳಿಸು. ಒಂದಕ್ಕೊಂದು ತಾಗುವ ಹಾಗಿದ್ದರೆ ಕಳಿಸಿ ಪ್ರಯೋಜನ ಇಲ್ಲ, ಹತ್ತು ಇಂಚಿನದ್ದು ಪೇಟೆಯಲ್ಲಿ ಹುಡುಕುತ್ತೇನೆ. ನಮ್ಮನೆಯವರು ಬರುವ ಗುರುವಾರ ಮೈಸೂರಿಗೆ ಹೊರಟಿದ್ದಾರೆ, ಅಷ್ಟರೊಳಗೆ ಹೇಳು. ಭಾರ ಅಂತ ಈಗಲೇ ಗೊಣಗುತ್ತಿದ್ದಾರೆ.

ಇಂತಿ,
ನಿನ್ನ ಸೋದರತ್ತೆ