ಗೆಳೆಯನಿಗೊಂದು ಪತ್ರ: ಅಂಚೆಗೆ ಹಾಕದ ಕಾಗದ

ಮಂಗಳೂರು

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಒಂದು ವಿಷಯ ಹೇಳದೆ ಬಿಟ್ಟೆ. ಜೆಪ್ಪುವಿನ ನಿಮ್ಮ ಹಳೆ ಮನೆಯನ್ನು ಕೆಡವಿದರು. ಕೊಂಡವರು ಅಲ್ಲಿ ಫ್ಲ್ಯಾಟ್ ಕಟ್ಟಿಸುತ್ತಾರಂತೆ. ದೂರದ ಟೊರೊಂಟೋದಲ್ಲಿ ಒಬ್ಬನೇ ಇದ್ದೀ, ಸುಮ್ನೆ ಯಾಕೆ ಬೇಜಾರು ಮಾಡುವುದು ಅಂತ ಎರಡು ಸಲ ಕಾಗದ ಬರೆದೂ ಹಾಗೇ ಇಟ್ಟುಕೊಂಡೆ.

ಇವತ್ತು ಬರೆಯುತ್ತಿರುವುದು ಅಚ್ಚುಚಿತ್ರಗಳ ಕಲಾವಿದೆ ಝರೀನಾ ಹಶ್ಮಿ ಅವರಿಂದಾಗಿ. ಅವರ ಅಕ್ಕ ರಾಣಿ ಪಾಕಿಸ್ತಾನದಲ್ಲಿದ್ದರು. ಅಪ್ಪ ಅಮ್ಮ ತೀರಿಹೋದದ್ದು, ಮನೆ ಮಾರಿದ್ದು, ಮಕ್ಕಳು ದೂರ ಹೋದದ್ದು, ಎಲ್ಲವನ್ನೂ ತಂಗಿಗೆ ಉರ್ದುವಿನಲ್ಲಿ ಬರೆದಿಟ್ಟಿದ್ದರು. ಅಂಚೆಗೆ ಮಾತ್ರ ಹಾಕಿರಲಿಲ್ಲ. ಎಷ್ಟೋ ಕಾಲದ ಮೇಲೆ ಅವು ಝರೀನಾ ಅವರ ಕೈಸೇರಿದವು. 2004ರಲ್ಲಿ ಅವರು ಅಕ್ಕನ ಅಕ್ಷರಗಳ ಮೇಲೆಯೇ ಮನೆಯ, ಊರಿನ ನಕ್ಷೆಗಳನ್ನು ಅಚ್ಚೊತ್ತಿದರು. ಅದನ್ನು ನೋಡಿದ ಮೇಲೆ ನನ್ನ ಮೇಜಿನ ಖಾನೆಯಲ್ಲಿದ್ದ ಆ ಎರಡು ಕಾಗದ ನೆನಪಾಗಿ ಹೊಟ್ಟೆಯೊಳಗೆ ಸಂಕಟವಾಯಿತು ಮಾರಾಯ.

ನೀನು ಕೇಳಿದ್ದೆ ಅಲ್ವಾ, "ಚಿತ್ರ ಮಾಡುವವನೋ, ಬರೆಯುವವನೋ, ವಲಸೆ ಬಂದವರ ಪರ ಓಡಾಡುವವನೋ, ಒಂದನ್ನು ಹಿಡಿ ಅಂತಾರೆ ಎಲ್ಲರೂ" ಅಂತ. ಝರೀನಾ ಯಾವ ಒಂದನ್ನು ಹಿಡಿದರು ಹೇಳು? 1937ರಲ್ಲಿ ಅಲಿಗಢದಲ್ಲಿ ಹುಟ್ಟಿದರು. ಓದಿದ್ದು ಗಣಿತ. ಗಂಡನ ವಿದೇಶಾಂಗ ಕೆಲಸದಿಂದಾಗಿ ಬ್ಯಾಂಕಾಕ್, ಪ್ಯಾರಿಸ್ ಅಂತ ಊರೂರು ತಿರುಗಿದರು. ಮರದ ಅಚ್ಚು ಕೆತ್ತುವುದನ್ನು ಹಾಗೆ ತಿರುಗುತ್ತಲೇ ಕಲಿತರು. 1970ರ ದಶಕದಲ್ಲಿ ನ್ಯೂಯಾರ್ಕ್ ಸೇರಿದ ಮೇಲೆ ಹೆಣ್ಣುಮಕ್ಕಳ ಕಲಾಶಾಲೆಯಲ್ಲಿ ಕೈಕಾಗದ ಮಾಡಲು ಕಲಿಸಿದರು. ಸ್ತ್ರೀವಾದಿ ಪತ್ರಿಕೆಯೊಂದರ ಸಂಪಾದಕ ಬಳಗದಲ್ಲಿ ದುಡಿದರು. ಕ್ಯೂಬಾ ಮೂಲದ ಕಲಾವಿದೆ ಅನಾ ಮೆಂಡಿಯೆಟಾ ಮೊದಲಾದವರ ಜೊತೆ ಸೇರಿ, ಬಿಳಿಯರ ಗ್ಯಾಲರಿಗಳು ಕಣ್ಣೆತ್ತಿಯೂ ನೋಡದ ಕಲಾವಿದೆಯರ ಪ್ರದರ್ಶನವನ್ನು 1980ರಲ್ಲಿ ಏರ್ಪಡಿಸಿದರು. ಕೊನೆಗಾಲದಲ್ಲಿ ತನ್ನ ಬದುಕಿನ ಕತೆಯನ್ನೂ ಹೇಳಿ ಪುಸ್ತಕ ಮಾಡಿಸಿದರು. 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ನನಗೆ ಇವೆಲ್ಲ ಬೇರೆ ಬೇರೆ ಕೆಲಸ ಅಂತ ಅನಿಸುವುದೇ ಇಲ್ಲ. ಕಳೆದುಹೋದ ಮನೆಯನ್ನು ಅಚ್ಚಿನಲ್ಲಿ ಹುಡುಕಿದವರಿಗೆ, ಪರದೇಶದಲ್ಲಿ ಜಾಗ ಸಿಗದ ಇನ್ನೊಬ್ಬಳ ಕಷ್ಟ ತನ್ನದೇ ಅಂತ ಕಾಣದೆ ಇರುತ್ತದಾ? 2011ರಲ್ಲಿ ವೆನಿಸ್‌ನ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಭಾರತದ ಪರವಾಗಿ ಹೋದವರಲ್ಲಿ ಅವರೂ ಒಬ್ಬರು. ಊರು ಬಿಟ್ಟು ಅಷ್ಟು ವರ್ಷ ಆದ ಮೇಲೆ!

ಅವರ 1999ರ ಒಂದು ಕೆಲಸವಿದೆ, 36 ಮರದಚ್ಚುಗಳು. ಒಂದೊಂದಕ್ಕೂ ಒಂದೊಂದು ಉರ್ದು ಪದ. ಮೊದಲು ಪದ, ಆಮೇಲೆ ಚಿತ್ರ. ಮನೆ, ಹೊಸ್ತಿಲು, ಬಾಗಿಲು, ಅಂಗಳ, ಗಡಿ. ಕಪ್ಪು ಗೆರೆಗಳು, ಅಷ್ಟೇ. ಅದರ ಮುಂದೆ ಕುಳಿತು ನಮ್ಮ ಪದಗಳನ್ನು ಹೇಳಿಕೊಂಡೆ. ಜಗಲಿ. ಚಾವಡಿ. ಅಟ್ಟ. ಪಾಗಾರ. ಬಚ್ಚಲು. ನೀನೂ ಇಲ್ಲಿಂದಲೇ ಶುರು ಮಾಡಬಹುದಲ್ಲ. ಅಲ್ಲಿ ನೀನು ಚಿತ್ರ ಕಲಿಸುವ ಮಕ್ಕಳಿಗೂ ಅವರವರ ಮನೆಮಾತಿನಲ್ಲಿ ಇಂಥ ಪದ ಇದ್ದೇ ಇರುತ್ತವೆ.

ಕೆಡವುವ ದಿನ ನಾನು ಅಲ್ಲೇ ನಿಂತಿದ್ದೆ. ಹಂಚು ಇಳಿಸಿ ಪಾಗಾರಕ್ಕೆ ಒರಗಿಸಿದರು. ರೀಪು, ಪಕ್ಕಾಸು ಬಿಚ್ಚಿ ಲಾರಿಗೆ ಏರಿಸಿದರು. ಮಾಡು ಹೋದದ್ದೇ ಅಡುಗೆಮನೆಯ ಗೋಡೆಗೆ ಬಿಸಿಲು ಬಿತ್ತು. ಹೊಗೆ ಹಿಡಿದು ಕಪ್ಪಾದ ಆ ಗೋಡೆಯಲ್ಲಿ ಅಮ್ಮ ಸೌಟು ತೂಗುಹಾಕುತ್ತಿದ್ದ ಜಾಗ ಮಾತ್ರ ಉದ್ದಕ್ಕೆ ಬೆಳ್ಳಗಿತ್ತು. ಕೆಲಸದವರನ್ನು ಕೇಳಿ ಒಂದು ಹಂಚು ತಂದಿದ್ದೇನೆ. ಹಿಂದೆ 1865 ಅಂತ ಇದೆ, ಜೆಪ್ಪುವಿನ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮೂಲೆಯಲ್ಲಿ ಸ್ವಲ್ಪ ಪಾಚಿ ಉಳಿದಿದೆ. ತೊಳೆದಿಲ್ಲ.

ನಿನ್ನೆ ರಾತ್ರಿ ನಿಮ್ಮ ಮನೆಯ ನಕ್ಷೆ ಬಿಡಿಸಲು ಕುಳಿತೆ. ಜಗಲಿ ಬಂತು, ಚಾವಡಿ ಬಂತು, ಅಟ್ಟದ ಏಣಿಯೂ ಬಂತು. ಆಮೇಲೆ ಕೈ ನಿಂತಿತು. ಅಡುಗೆಮನೆಯ ಹಿಂಬಾಗಿಲು ತೆರೆಯುತ್ತಿದ್ದದ್ದು ಬಾವಿಯ ಕಡೆಗೋ, ಬಚ್ಚಲಿನ ಕಡೆಗೋ? ಬಿಡಿಸಿ ಕಳಿಸು.

ನಿನ್ನ,
ಗೆಳೆಯ