ಅಜ್ಜನ ನಾಣ್ಯದ ಡಬ್ಬಿ, ಎರಡು ಪಾಲು

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "1862ರ ವಿಕ್ಟೋರಿಯಾ ರೂಪಾಯಿಗೆ ಲಕ್ಷಗಟ್ಟಲೆ ಕೊಡ್ತಾರಂತೆ ಅಮ್ಮಾ, ಅಜ್ಜನ ಡಬ್ಬಿಯಲ್ಲಿ ಅಂಥದ್ದು ಇತ್ತಲ್ವಾ?" ಅಂದೆ. ಆ ಹೊತ್ತಿಗೆ ಬಾಗಿಲಲ್ಲಿ ಯಾರೋ ಬಂದರು, ಆಮೇಲೆ ಹೇಳ್ತೀನಿ ಅಂತ ಇಟ್ಟುಬಿಟ್ಟೆ. ಯೋಚನೆ ಮಾಡಿದರೆ ಇದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದೆ. ಒಂದಲ್ಲ, ಆರು ಇವೆ. ಆದರೆ ಲಕ್ಷ ಇಲ್ಲ. 1862 ಅಂತ ಇದ್ದ ಮಾತ್ರಕ್ಕೆ ಅದು ಆ ವರ್ಷದ್ದೇ ಅಲ್ಲ. ಅದೇ ಇಸವಿಯನ್ನು ಹಾಗೇ ಇಟ್ಟುಕೊಂಡು 1874ರವರೆಗೂ ರೂಪಾಯಿ ಹೊಡೆದರು. ಯಾವುದು ಯಾವ ವರ್ಷದ್ದು ಅಂತ ತಿಳಿಯಬೇಕಾದರೆ ಹಿಂಬದಿಯಲ್ಲಿರುವ ಸಾಸಿವೆಗಿಂತ ಸಣ್ಣ ಚುಕ್ಕಿಗಳನ್ನು ಎಣಿಸಬೇಕು. ಕೆಲವು ಚುಕ್ಕಿ ಲೆಕ್ಕದವು ಅಪರೂಪ, ಮಿಕ್ಕವು ಸಂತೆಯಲ್ಲೂ ಸಿಗುತ್ತವೆ. ನಮ್ಮ ಆರೂ ಸಂತೆಯವು.

ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತು ಅಂತ ಕೇಳುತ್ತೀಯ. ಈ ಐದು ತಿಂಗಳು ನಾನು ಇದರ ಹಿಂದೆಯೇ ಇದ್ದೆ. ನಿನಗೆ ಹೇಳಲಿಲ್ಲ, ಯಾಕೆಂದರೆ ಮೊದಲು ನನಗೇ ದಾರಿ ಕಾಣುತ್ತಿರಲಿಲ್ಲ.

ಅಜ್ಜ ಬರೆದಿಟ್ಟಿದ್ದು ಒಂದೇ ಸಾಲು: "ನಾಣ್ಯಗಳು ಇಬ್ಬರು ಮಕ್ಕಳಿಗೂ ಸಮ." ಮಾವ ಅಂತೂ, "ಅಕ್ಕಾ, ನೀನೇ ಎಣಿಸಿ ಅರ್ಧ ಕೊಟ್ಟುಬಿಡು" ಅಂದ. ಅವನ ಮಾತು ಕೇಳಿ ನನಗೆ ಭಯವಾಯಿತು. ಒಟ್ಟು 187 ಇವೆ. ಎಣಿಸಿ ಅರ್ಧ ಮಾಡಿದರೆ ಒಬ್ಬರಿಗೆ ನಯಾ ಪೈಸೆಗಳೇ ಬರಬಹುದು, ಇನ್ನೊಬ್ಬರಿಗೆ ಬಂಗಾರದ ವರಹ. ನನ್ನನ್ನು ಅಷ್ಟು ನಂಬಿದವನಿಗೆ ಗೊತ್ತಿಲ್ಲದೆ ಕಮ್ಮಿ ಕೊಟ್ಟರೂ ಅದು ಮೋಸವೇ ಅಲ್ವಾ? ಪಾಲು ಸರಿಯಾಗಬೇಕಾದರೆ ಮೊದಲು ಬೆಲೆ ಸರಿಯಾಗಿ ಕಟ್ಟಿಸಬೇಕು.

ಮೊದಲು ಹೋದದ್ದು ಒಂದು ಬೆಳ್ಳಿ ಅಂಗಡಿಗೆ. ಹೆಸರು ಬೇಡ. 42 ಬೆಳ್ಳಿ ರೂಪಾಯಿಗಳನ್ನೂ ಒಂದೇ ಸಲ ತಕ್ಕಡಿಗೆ ಸುರಿದರು. "ಹಳೇ ಬೆಳ್ಳಿ, ಅರ್ಧ ವೇಸ್ಟೇಜ್ ಹೋಗುತ್ತೆ" ಅಂದರು. ನಾನು ಸುಮ್ನೆ ತಲೆಯಾಡಿಸಿ ಡಬ್ಬಿ ಎತ್ತಿಕೊಂಡು ಬಂದೆ, ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ನಮ್ಮಜ್ಜಿ ಕಷಾಯಕ್ಕೆ "ಒಂದು ರೂಪಾಯಿ ತೂಕ ಶುಂಠಿ" ಅನ್ನುತ್ತಿದ್ದರು, ಅದು ಸುಮ್ಮನೆ ಆಡುವ ಮಾತಲ್ಲ. ಆ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದರಲ್ಲಿ ಹನ್ನೆರಡು ಭಾಗಕ್ಕೆ ಹನ್ನೊಂದು ಭಾಗ ಬೆಳ್ಳಿ. ಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ಹುಲಿ ಚಿತ್ರದ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರೀ ನಿಕಲ್. ನಮ್ಮ 42ರಲ್ಲಿ 30 ಹಳೆಯವು, 12 ಮಾತ್ರ ಅರ್ಧ ಬೆಳ್ಳಿಯವು. ಸುಮಾರು 390 ಗ್ರಾಂ ಶುದ್ಧ ಬೆಳ್ಳಿ ಇದೆ. ಅಂಗಡಿಯವರ ಲೆಕ್ಕಕ್ಕೆ ಬಂದದ್ದು 245 ಗ್ರಾಂ. ಅದೂ ಬರೀ ಲೋಹದ ಲೆಕ್ಕ, ನಾಣ್ಯದ್ದಲ್ಲ.

ಆಮೇಲೆ ಒಬ್ಬ ವ್ಯಾಪಾರಿ ಮನೆಗೇ ಬಂದರು. ತುಂಬಾ ಮರ್ಯಾದೆಯ ಮಾತು. ಕಾಫಿ ಕುಡಿದು, ಡಬ್ಬಿಯನ್ನು ಟವೆಲ್ ಮೇಲೆ ಸುರಿಸಿಕೊಂಡು ಒಂದೊಂದೇ ನೋಡಿದರು. ಅವರ ಕೈಯನ್ನೇ ನಾನು ಗಮನಿಸುತ್ತಿದ್ದೆ. ಒಂದು ಅರ್ಧ ರೂಪಾಯಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಆದರೆ ತಾಮ್ರದ ರಾಶಿಯಲ್ಲಿದ್ದ ಒಂದು ಕಾಸನ್ನು ಎರಡು ಸಲ ಎತ್ತಿ, ತಿರುಗಿಸಿ, ಏನೂ ಹೇಳದೆ ಅಲ್ಲೇ ಇಟ್ಟರು. ಮೂರನೇ ಸಲ ಅದನ್ನು ರಾಶಿಯ ಕೆಳಗೆ ತಳ್ಳಿದರು. "ಎಲ್ಲಾ ಒಟ್ಟಿಗೆ ಕೊಡಿ, ಇವತ್ತೇ ಕ್ಯಾಶ್ ಕೊಡ್ತೀನಿ" ಅಂದರು. ತಮ್ಮನನ್ನು ಕೇಳಬೇಕು ಅಂದೆ. ಅವರು ಹೋದ ಮೇಲೆ ಆ ಕಾಸನ್ನು ಬೇರೆ ತೆಗೆದಿಟ್ಟೆ. ಕೊಳ್ಳುವವರೇ ಬೆಲೆ ಹೇಳಿದರೆ ಅದು ಅವರಿಗೆ ಅನುಕೂಲವಾದ ಬೆಲೆಯೇ ಆಗಿರುತ್ತದೆ ಅಂತ ನನಗೆ ಅವತ್ತು ಖಾತ್ರಿಯಾಯಿತು.

ಈ ನಡುವೆ ಮಾವನಿಗೂ ಒಂದು ಕರೆ ಬಂದಿತ್ತು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ನಿಮ್ಮ ನಾಣ್ಯಕ್ಕೆ ಗಿರಾಕಿ ಇದ್ದಾರೆ, ಮೊದಲು ಸ್ವಲ್ಪ ಟ್ಯಾಕ್ಸ್ ಕಟ್ಟಿ ಅಂದರಂತೆ. ಪುಣ್ಯಕ್ಕೆ ಅವನು ನನ್ನನ್ನು ಕೇಳಿದ. ಹಳೇ ನೋಟು, ನಾಣ್ಯದ ವ್ಯಾಪಾರಕ್ಕೂ ತನಗೂ ಸಂಬಂಧವಿಲ್ಲ, ಯಾರಿಂದಲೂ ಕಮಿಷನ್ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಿನ್ನ ಗೆಳತಿಯರಿಗೂ ಹೇಳು. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ ಕೊಡ್ತೀವಿ ಅನ್ನುವವರು, ಅಯಸ್ಕಾಂತದ ಹಾಗೆ ಅಕ್ಕಿಯನ್ನು ಎಳೆಯುವ ತಾಮ್ರದ ಕಾಸು ಅಂತ ಹೇಳಿಕೊಂಡು ಬರುವವರು, ಎಲ್ಲರೂ ಒಂದೇ ಜಾತಿ. 1818 ಅಂತ ಇಸವಿ ಇದ್ದು ಮೇಲೆ ರಾಮ ಸೀತೆ ಹನುಮಂತ ಇರುವ ಈಸ್ಟ್ ಇಂಡಿಯಾ ಕಂಪನಿ ಕಾಸು ನಮ್ಮ ಡಬ್ಬಿಯಲ್ಲೂ ಎರಡು ಸಿಕ್ಕಿತು. ಕಂಪನಿ ಅಂಥದ್ದನ್ನು ಯಾವತ್ತೂ ಹೊಡೆಸಿಲ್ಲ. ಯಾರೋ ಅಜ್ಜನಿಗೂ ಹಾಗೇ ಹೇಳಿ ಕೊಟ್ಟಿರಬೇಕು.

ಕೊನೆಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಒಬ್ಬ ಹಿರಿಯರು. ನಲವತ್ತು ವರ್ಷ ಮೈಸೂರು ಸೀಮೆಯ ನಾಣ್ಯಗಳನ್ನೇ ನೋಡಿಕೊಂಡು ಬಂದವರು. ಅವರು ಮೊದಲು ಹೇಳಿದ ಮಾತಿನಿಂದಲೇ ನನಗೆ ನಂಬಿಕೆ ಬಂತು: "ನಾನು ಇದರಲ್ಲಿ ಒಂದನ್ನೂ ಕೊಳ್ಳುವುದಿಲ್ಲ. ನನ್ನ ಫೀಸು ಇಷ್ಟು, ಬೆಲೆ ಎಷ್ಟೇ ಬರಲಿ ಅದು ಬದಲಾಗಲ್ಲ." ಎರಡು ದಿನ ಕೂತೆವು. ಒಂದೊಂದನ್ನೂ ಅಂಚಿನಲ್ಲಿ ಹಿಡಿದು, ತೂಕ ಹಾಕಿ, ಅಗಲ ಅಳೆದು, ಭೂತಗನ್ನಡಿಯಲ್ಲಿ ನೋಡಿ ಬರೆಸಿದರು. ಎರಡೂ ಬದಿಯ ಫೋಟೊ ನಾನು ತೆಗೆದೆ. ಬೆಲೆಗೆ ಅವರು ಆಧಾರ ಮಾಡಿದ್ದು ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಮೊತ್ತವನ್ನು. ಯಾರೋ ಮಾರಾಟಕ್ಕಿಟ್ಟು ಕೇಳುತ್ತಿರುವ ರೇಟನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹರಾಜಿನವರು ಕೊಳ್ಳುವವರಿಂದಲೂ ಮಾರುವವರಿಂದಲೂ ಕಮಿಷನ್ ಹಿಡಿಯುತ್ತಾರೆ, ಆದ್ದರಿಂದ ಕೂಗಿದ ಬೆಲೆಯೆಲ್ಲ ಕೈಗೆ ಬರುವುದಿಲ್ಲ ಅಂತಲೂ ಹೇಳಿದರು.

1911ರ ಐದನೇ ಜಾರ್ಜ್ ರೂಪಾಯಿಯನ್ನು ನನ್ನ ಕಣ್ಣಿಗೇ ಹಿಡಿದರು. ರಾಜನ ಎದೆಯ ಮೇಲೆ ಗೋರಂಟಿ ಚುಕ್ಕಿಯಷ್ಟು ಸಣ್ಣ ಒಂದು ಆನೆ. ಸೊಂಡಿಲು ಮೊಂಡು. ಜನ ಅದನ್ನು ಹಂದಿ ಅಂದುಕೊಂಡು ಸಿಟ್ಟಾದರು, ಸರ್ಕಾರ ಆ ರೂಪಾಯಿಯನ್ನು ಹಿಂದಕ್ಕೆ ತೆಗೆದುಕೊಂಡು 1912ರಲ್ಲಿ ಆನೆಯನ್ನು ತಿದ್ದಿತು. ಅಜ್ಜ ಯಾವಾಗಲೂ "ಹಂದಿ ರೂಪಾಯಿ" ಅನ್ನುತ್ತಿದ್ದರಲ್ಲ, ಅದು ಇದೇ. ಪಕ್ಕದಲ್ಲೇ 1912ರದ್ದನ್ನೂ ಇಟ್ಟು ತೋರಿಸಿದರು. ಎರಡನೆಯದರಲ್ಲಿ ಸೊಂಡಿಲು ಉದ್ದಕ್ಕೆ ಇಳಿದಿದೆ. ನೀನು ಬಂದಾಗ ತಪ್ಪದೆ ನೋಡು.

ಆ ವ್ಯಾಪಾರಿ ತಳ್ಳಿಟ್ಟ ತಾಮ್ರದ ಕಾಸು ಟಿಪ್ಪುವಿನ ಆನೆ ಕಾಸು. ನಗರದ ಟಂಕಸಾಲೆಯದು, ನಮ್ಮ ಹೊಸನಗರ ತಾಲೂಕಿನ ನಗರವೇ. ಟಿಪ್ಪುವಿನ ಕಡೆಯ ವರ್ಷಗಳ ನಾಣ್ಯದಲ್ಲಿ ಇಸವಿಯ ಅಂಕಿಯನ್ನು ಬಲದಿಂದ ಎಡಕ್ಕೆ ಓದಬೇಕಂತೆ. ಇದರಲ್ಲಿ ಅಂಕಿ ಪೂರ್ತಿ ಉಳಿದಿದೆ, ಹಾಗೆ ಉಳಿಯುವುದು ಕಮ್ಮಿ.

ಆದರೆ ಅದರ ಜೊತೆಗೆ ಇನ್ನೊಂದು ಆನೆ ಕಾಸಿತ್ತು, ಪುಟ್ಟೀ. ಅದು ಇನ್ನೂ ಚೆನ್ನಾಗಿತ್ತು. ಡಬ್ಬಿ ತೆರೆದ ಮೊದಲ ದಿನವೇ ನಾನು ಅದನ್ನು ದೇವರ ದೀಪ ತೊಳೆಯುವ ಹಾಗೆ ಹುಣಸೆಹುಳಿ ಹಾಕಿ ಉಜ್ಜಿದ್ದೆ. ಹೊಳೆಯಲಿ ಅಂತ. ಹಿರಿಯರು ಅದನ್ನು ಕೈಗೆ ತೆಗೆದುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. "ಇನ್ನೂರು ವರ್ಷ ಕೂತ ಬಣ್ಣ ಅಮ್ಮಾ, ಮತ್ತೆ ಬರಲ್ಲ" ಅಂದರು. ಬೆಲೆ ಕಾಲುಭಾಗಕ್ಕೆ ಇಳಿಯಿತು. ಅದು ನನ್ನಿಂದಾದ ತಪ್ಪು, ಆದ್ದರಿಂದ ಆ ಕಾಸು ನನ್ನ ಪಾಲಿಗೆ, ತೊಳೆಯುವ ಮೊದಲು ಎಷ್ಟಿತ್ತೋ ಅಷ್ಟೇ ಬೆಲೆಗೆ ಅಂತ ಬರೆದುಕೊಂಡಿದ್ದೇನೆ. ಮಾವ ಒಪ್ಪುತ್ತಿಲ್ಲ. ನಾನೂ ಬಿಡುವುದಿಲ್ಲ. ನಿನಗೆ ಎಂದಾದರೂ ಹಳೇ ನಾಣ್ಯ ಸಿಕ್ಕಿದರೆ ಪಿತಾಂಬರಿ, ನಿಂಬೆ, ಬೂದಿ ಏನೂ ಮುಟ್ಟಿಸಬೇಡ. ಧೂಳಿದ್ದರೂ ಹಾಗೇ ಇರಲಿ.

ಬಂಗಾರದ ವರಹದ ವಿಷಯ. ಅದು ನನ್ನಮ್ಮನ ಕಾಸಿನ ಸರದಲ್ಲಿದ್ದದ್ದು. ಹೈದರಾಲಿಯ ಬಹಾದ್ದೂರಿ ವರಹ, 3.4 ಗ್ರಾಂ. 1763ರಲ್ಲಿ ಬಿದನೂರು ಗೆದ್ದು ಅದಕ್ಕೆ ತನ್ನ ಹೆಸರಿನಿಂದ ಹೈದರ್‌ನಗರ ಅಂತ ಕರೆದವನು, ಇಕ್ಕೇರಿ ನಾಯಕರ ವರಹದ ಮೇಲಿದ್ದ ಶಿವ ಪಾರ್ವತಿಯನ್ನು ಮಾತ್ರ ಹಾಗೇ ಉಳಿಸಿಕೊಂಡ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ, ಅಷ್ಟೇ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ಗುರುತು ಅಂಚಿನಲ್ಲಿ ಇದೆ. ಆ ಗುರುತಿನಿಂದ ಸಂಗ್ರಹಕಾರರಿಗೆ ಅದರ ಬೆಲೆ ಕಮ್ಮಿ. ನನಗೆ ಆ ಗುರುತೇ ಜಾಸ್ತಿ. ಅಮ್ಮ ಬಗ್ಗಿ ಮಜ್ಜಿಗೆ ಕಡೆಯುವಾಗ ಅದು ಕಡಗೋಲಿಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು.

ನೀನು ಕೆಲವನ್ನು ಸೂಟ್‌ಕೇಸಿನಲ್ಲಿ ಡಬ್ಲಿನ್‌ಗೆ ಒಯ್ದು ಅಲ್ಲಿ ತೋರಿಸೋಣ ಅಂದಿದ್ದೆ. ಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ನಾವು ನೀವು ಅದನ್ನು ದೇಶದಿಂದ ಆಚೆ ಒಯ್ಯುವಂತಿಲ್ಲ. ಇಂಥವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಬೇಕು, ಒಂದು ವೇಳೆ ಇಲ್ಲೇ ಮಾರುವುದಾದರೂ ಅಂಥವರ ಮೂಲಕ ಮಾರುವುದೇ ಒಳ್ಳೆಯದು.

ಪಾಲಿನ ದಾರಿಯನ್ನೂ ಆ ಹಿರಿಯರೇ ಹೇಳಿಕೊಟ್ಟರು. ಬೆಲೆ ಪಟ್ಟಿ ನೋಡಿಕೊಂಡು ನಾನು ಎರಡು ಗುಂಪು ಮಾಡುವುದು, ಯಾವುದು ಬೇಕು ಅಂತ ಮಾವ ಮೊದಲು ಆರಿಸುವುದು. ಹಾಗಾದರೆ ನಾನು ಒಂದು ಕಡೆಗೆ ವಾಲುವ ಹಾಗೇ ಇಲ್ಲ. ಗುಂಪು ಮಾಡುವಾಗ ಮೂರು ರಾತ್ರಿ ನಿದ್ದೆ ಬರಲಿಲ್ಲ. ವರಹ ಇದ್ದ ಕಡೆಗೆ ಇನ್ನೊಂದು ನಾಣ್ಯ ಸೇರಿಸಲು ಕೈ ಹೋಗುತ್ತಿತ್ತು, ಮತ್ತೆ ತೆಗೆಯುತ್ತಿದ್ದೆ. ಹೋದ ಭಾನುವಾರ ಮಾವ ಬಂದು ಆರಿಸಿದ. ವರಹ ಅವನ ಪಾಲಿಗೆ ಹೋಯಿತು. ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅತ್ತೆ ಅದನ್ನು ಸರಕ್ಕೇ ಹಾಕಿಸಿಕೊಳ್ಳುತ್ತಾಳಂತೆ, ಮಾರುವುದಿಲ್ಲವಂತೆ. 1943ರ ತೂತಿನ ಕಾಸನ್ನು ಮಾತ್ರ ಪಟ್ಟಿಗೇ ಹಾಕದೆ ನಾನು ಕೇಳಿ ಇಟ್ಟುಕೊಂಡೆ. ಯುದ್ಧದಲ್ಲಿ ತಾಮ್ರ ಉಳಿಸಲಿಕ್ಕೆ ನಡುವೆ ತೂತು ಮಾಡಿದ ಕಾಸು, ಬೆಲೆ ಏನೂ ಇಲ್ಲ. ನನಗೆ ಐದು ವರ್ಷವಾಗುವವರೆಗೂ ಅಪ್ಪ ಅದನ್ನು ನನ್ನ ಉಡಿದಾರಕ್ಕೆ ಕಟ್ಟಿದ್ದರು.

ಈಗ ಉಳಿದಿರುವುದು ಅಜ್ಜನ ನೋಟ್‌ಬುಕ್ಕು. ಡಬ್ಬಿಯ ತಳದಲ್ಲಿ ಇತ್ತು. ಅಂಚೆ ಕಚೇರಿಯ ಕೌಂಟರಿಗೆ ಬಂದ ಹಣದಲ್ಲಿ ಒಂದು ಹಳೇ ನಾಣ್ಯ ಕಂಡರೆ ಅಜ್ಜ ತಮ್ಮ ಜೇಬಿನಿಂದ ಅಷ್ಟೇ ಹಣ ಹಾಕಿ ಅದನ್ನು ತೆಗೆದುಕೊಳ್ಳುತ್ತಿದ್ದರು. ಪ್ರತಿ ಸಲವೂ ಬರೆದಿದ್ದಾರೆ: ತಾರೀಖು, ಊರು, ಯಾವ ನಾಣ್ಯ, ಮತ್ತೆ ಕೊನೆಯಲ್ಲಿ "ನನ್ನಿಂದ 8 ಆಣೆ", "ನನ್ನಿಂದ 1 ರೂ." ಹಿರಿಯರು ಅದನ್ನು ಹಾಳೆ ಹಾಳೆಯಾಗಿ ಓದಿದರು. ನಾಣ್ಯ ನೆಲದಲ್ಲಿ ಸಿಕ್ಕಿದ್ದೋ, ನ್ಯಾಯವಾಗಿ ಬಂದದ್ದೋ ಅಂತ ಯಾರು ಕೇಳಿದರೂ ಇದೇ ಉತ್ತರ, ಇದನ್ನು ನಾಣ್ಯಗಳಿಂದ ದೂರ ಮಾಡಬೇಡಿ ಅಂದರು. ಅದನ್ನು ಎರಡು ಪಾಲು ಮಾಡಲಿಕ್ಕೆ ಬರುವುದಿಲ್ಲವಲ್ಲ.

ಜೆರಾಕ್ಸ್ ಅಂಗಡಿಗೆ ಕೊಡಲು ನನಗೆ ಧೈರ್ಯವಿಲ್ಲ, ಹೊಲಿಗೆ ಬಿಚ್ಚಿಹೋಗಿದೆ, ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ. ನೀನು ದೀಪಾವಳಿಗೆ ಬಂದಾಗ ಒಂದೊಂದೇ ಹಾಳೆಯ ಫೋಟೊ ತೆಗೆದು ಪುಸ್ತಕ ಮಾಡಿಸಿಕೊಡು, ಎರಡು ಪ್ರತಿ. ಪೆನ್ಸಿಲ್ ಅಕ್ಷರ ಮಾಸಿದೆ, ಕಿಟಕಿ ಪಕ್ಕ ಬೆಳಗಿನ ಬಿಸಿಲಿನಲ್ಲಿ ಇಟ್ಟರೆ ಕಾಣುತ್ತದೆ. ಮೂಲ ಪ್ರತಿಯನ್ನು ಮಾವನಿಗೆ ಕೊಡೋಣ ಅಂತಿದ್ದೇನೆ. ನಿನಗೇನನಿಸುತ್ತೆ, ಬರೆ.

ಅಮ್ಮ